ಚರ್ಮದ ಲಿಂಫೋಮಾದ ‘ಪ್ಯಾಚ್’: ಮಚ್ಚೆಯೋ ಕಲೆಯೋ? (ನಾಳೆ ಸಂಜೆ ಅಚ್ಚಿಗೆ)

ಗೆಳೆಯರೇ, ‘ಮೈಕೋಸಿಸ್ ಫಂಗಾಯ್ಡಿಸ್’ ಎಂಬ ಚರ್ಮದ ಲಿಂಫೋಮಾ (ಒಂದು ಬಗೆಯ ಕ್ಯಾನ್ಸರ್) ಬಗ್ಗೆ ರೋಗಿಗಳಿಗೆ ಕೊಡುವ ಒಂದು ಪುಟದ ಕರಪತ್ರ ಕನ್ನಡಕ್ಕೆ ತರುತ್ತಿದ್ದೇನೆ. ಮೊದಲು ಪ್ಯಾಚ್ (ಚಪ್ಪಟೆಯಾದದ್ದು), ಆಮೇಲೆ ಪ್ಲಾಕ್ (ಉಬ್ಬಿದ್ದು), ಕೆಲವರಲ್ಲಿ ಮಾತ್ರ ಗಡ್ಡೆ. ಗಡ್ಡೆ ಸರಿ, ಉಳಿದೆರಡಕ್ಕೆ ಏನು ಪದ? ಹಳೆಯ ಕರಡಿನಲ್ಲಿ ಎರಡೂ ‘ಮಚ್ಚೆ’. ಕಾಯಿಲೆಯ ಹೆಸರು ‘ಚರ್ಮದ ಶಿಲೀಂಧ್ರ ರೋಗ’!

ಮರು: ಶಿಲೀಂಧ್ರ ಮೊದಲು ಹೊಡೆದುಹಾಕಿ. ಇದು ಟಿ ಲಿಂಫೋಸೈಟ್ ಎಂಬ ಬಿಳಿ ರಕ್ತಕಣದ ಕ್ಯಾನ್ಸರ್. 1806ರಲ್ಲಿ ಪ್ಯಾರಿಸ್ಸಿನ ವೈದ್ಯ ಆಲಿಬೇರ್ ವರ್ಣಿಸಿದ ರೋಗಿಯ ಗಡ್ಡೆಗಳು ಅಣಬೆ ಹಾಗಿದ್ದವು. ಹೆಸರು ಬಂದದ್ದು ಅಷ್ಟಕ್ಕೇ. ನಿಮ್ಮ ಕರಡು ಓದಿದವರು ಹುಳುಕಡ್ಡಿ ಮುಲಾಮು ಹಚ್ಚಿಕೊಂಡು ಕೂರುತ್ತಾರೆ. ಪ್ಯಾಚ್‌ಗೆ ‘ಕಲೆ’, ಪ್ಲಾಕ್‌ಗೆ ‘ಬಿಲ್ಲೆ’.

ಮರು: ಕಲೆ ಸೀರೆಗೆ ಆಗುವುದು. ಬಿಲ್ಲೆ ಜೇಬಿನಲ್ಲಿರುವುದು. ಮಚ್ಚೆ ಜನರ ಪದ, ಕುಷ್ಠದ ಭಿತ್ತಿಪತ್ರದಲ್ಲೂ ಅದೇ ಇದೆ.

ಮರು: ಅದೇ ನನ್ನ ತೊಂದರೆ. ನಮ್ಮಂಥ ಮೈಬಣ್ಣದವರಲ್ಲಿ ಇದು ಎಷ್ಟೋ ಸಲ ತಿಳಿಬಿಳಿಯಾಗಿ ಬರುತ್ತದೆ. ತೊನ್ನು, ಕುಷ್ಠ, ಇಸುಬು ಅಂದುಕೊಂಡು ವರ್ಷಗಟ್ಟಲೆ ಕಳೆಯುತ್ತಾರೆ. ಕುಷ್ಠದ ಮಚ್ಚೆಯಲ್ಲಿ ಎಷ್ಟೋ ಸಲ ಮುಟ್ಟಿದ್ದು ಗೊತ್ತಾಗುವುದಿಲ್ಲ, ಇದರಲ್ಲಿ ಸಾಮಾನ್ಯವಾಗಿ ಗೊತ್ತಾಗುತ್ತದೆ. ಚರ್ಮದ ಚೂರು ತೆಗೆದು ನೋಡಿದರೂ ಮೊದಲ ಸಲವೇ ಸಿಗದೆ ಹೋಗಬಹುದು. ಸ್ಟೀರಾಯ್ಡ್ ಮುಲಾಮು ಹಚ್ಚಿದ್ದರಂತೂ ಕುರುಹು ಇನ್ನೂ ಮಸುಕು. ‘ಹಚ್ಚಿದ್ದರೆ ಮೊದಲೇ ಹೇಳಿ, ಮತ್ತೆ ಚೂರು ತೆಗೆಯಬೇಕೆಂದರೆ ಗಾಬರಿಯಾಗಬೇಡಿ’ ಅನ್ನುವುದೇ ಕರಪತ್ರದ ಮುಖ್ಯ ಮಾತು.

ಮರು: ‘ಲಿಂಫೋಮಾ’ ಪದವನ್ನು ಹಾಗೇ ಯಾಕೆ ಉಳಿಸಿದಿರಿ? ‘ದುಗ್ಧರಸದ ಕ್ಯಾನ್ಸರ್’ ಅನ್ನಬಹುದಲ್ಲ?

ಮರು: ದುಗ್ಧ ಅಂದರೆ ಹಾಲು. ಲಿಂಫ್ ಮೈಯಲ್ಲಿ ಹರಿಯುವ ಒಂದು ರಸ, ಅದರ ಮೂಲಪದ ಲ್ಯಾಟಿನ್ನಿನ ಲಿಂಫಾ ಅಂದರೆ ತಿಳಿನೀರು. ಜಿಡ್ಡಿನ ಊಟವಾದ ಮೇಲೆ ಕರುಳಿನಿಂದ ಬರುವುದು ಮಾತ್ರ ಹಾಲಿನಂತಿರುತ್ತದೆ. ‘ತಿಳಿರಸ’ ಅನ್ನಿ. ಹಾಗೇ ಕ್ಯಾನ್ಸರ್ ತೆಗೆದು ‘ಏಡಿಹುಣ್ಣು’ ಹಾಕಿ.

ಮರು: ಇಲ್ಲಿ ಹೆಚ್ಚಿನವರಿಗೆ ಹುಣ್ಣೇ ಇರುವುದಿಲ್ಲ ಸ್ವಾಮಿ! ‘ಕ್ಯಾನ್ಸರ್’ ಗೊತ್ತಿಲ್ಲದ ಒಬ್ಬ ಅಜ್ಜಿಯನ್ನು ತೋರಿಸಿ ನೋಡೋಣ.

ಮರು: ಕ್ಯಾನ್ಸರ್ ಅಂದರೂ ಏಡಿಯೇ. ಅವರು ಹೇಳಿದರೆ ವಿಜ್ಞಾನ, ನಾವು ಹೇಳಿದರೆ ತಮಾಷೆ, ಅಲ್ವಾ?

ಮರು: ಏಡಿ ಜಗಳ ಮುಂದುವರಿಸಿ, ನಾನು ತೀರ್ಮಾನಿಸಿದೆ. ‘ಚಪ್ಪಟೆ ಮಚ್ಚೆ’, ‘ಉಬ್ಬಿದ ಮಚ್ಚೆ’, ಕಾಯಿಲೆಯ ಹೆಸರು ‘ಮೈಕೋಸಿಸ್ ಫಂಗಾಯ್ಡಿಸ್’ ಅಂತಲೇ. ಇನ್ನೊಂದು ಉಳಿಯಿತು. ಬಿಸಿಲು ಬೀಳದ ಸೊಂಟ, ತೊಡೆ, ಹಿಂಭಾಗದಲ್ಲಿ ಇದು ಜಾಸ್ತಿ. ‘ಹಿಂಭಾಗ’ ಅಂದರೆ ಬೆನ್ನು ಅಂದುಕೊಳ್ಳುತ್ತಾರೆ. ‘ನಿತಂಬ’ ಅಂದರೆ ಕಾವ್ಯ. ‘ಪಿರ್ರೆ’ ಅಚ್ಚು ಹಾಕಬಹುದಾ?

ಮರು: ಹಾಕಿ. ಇದಕ್ಕೂ ಚರ್ಚೆ ಬೇಡ.