ಶಾರ್ಪ್ ಒಬ್ಬನಿಂದ ಸೋತಿದ್ದಲ್ಲ ಪುಟ್ಟಾ

ಪುಟ್ಟಾ, ನಿನ್ನ ಮೆಸೇಜು ಈಗ ನೋಡಿದೆ ಕಣೋ. ರಾತ್ರಿ ಮ್ಯಾಚ್ ಮುಗಿದ ತಕ್ಷಣ ಫೋನ್ ಆಫ್ ಮಾಡಿಬಿಟ್ಟಿದ್ದೆ, ಯಾರ ಹತ್ರಾನೂ ಮಾತಾಡೋಕೆ ಮನಸ್ಸಿರ್ಲಿಲ್ಲ. "ಅತ್ತೆ, ಕೊನೇಲಿ ಶಾಟ್ ಹೊಡೀದೆ ಚೆಂಡು ಕೆಳಗೆ ಬಿಟ್ನಲ್ಲ ಆ ದಂಡಪಿಂಡ, ಅವನೊಬ್ಬನಿಂದ ನಿಮ್ಮ ಹ್ಯೂಸ್ಟನ್ ಸೋತಿದ್ದು" ಅಂತ ನಮ್ಮ ಹುಡುಗ ಇಮ್ಯಾನುಯೆಲ್ ಶಾರ್ಪ್‌ನ ಬೈದು ಹಾಕಿದೀಯ. ಅದರ ಕೆಳಗೆ ಅಣ್ಣ ಬೇರೆ ಹೆಬ್ಬೆರಳು ಒತ್ತಿದಾನೆ. ಅಮ್ಮ "ಒಂದು ಆಟಕ್ಕೆ ಇವಳು ಯಾಕೆ ಊಟ ಬಿಟ್ಟಿದಾಳಂತೆ" ಅಂತ ಕೇಳಿದಾಳೆ. ಟೈಪ್ ಮಾಡ್ತಾ ಕೂತ್ರೆ ಇದು ಮುಗಿಯಲ್ಲ, ಅದಕ್ಕೇ ಮಾತಲ್ಲೇ ಹೇಳ್ತಿದೀನಿ. ಉದ್ದ ಆಗುತ್ತೆ, ಕಾಲೇಜಿಗೆ ಹೋಗ್ತಾ ಕೇಳ್ಕೋ.

ಮೊದಲು ಅಮ್ಮನಿಗೆ ಹೇಳ್ಬಿಡ್ತೀನಿ. ಅಮ್ಮಾ, ಇಲ್ಲಿ ಅಮೆರಿಕಾದಲ್ಲಿ ಕಾಲೇಜು ಬಾಸ್ಕೆಟ್‌ಬಾಲ್ ಅಂದ್ರೆ ನಮ್ಮಲ್ಲಿ ಕ್ರಿಕೆಟ್ ಹೇಗೋ ಹಾಗೆ. ಪ್ರತಿ ವರ್ಷ ಮಾರ್ಚಲ್ಲಿ 68 ಕಾಲೇಜು ತಂಡಗಳ ಟೂರ್ನಮೆಂಟು ಶುರುವಾಗುತ್ತೆ. ಒಂದು ಸಲ ಸೋತ್ರೆ ಮನೆಗೆ, ಎರಡನೇ ಅವಕಾಶ ಇಲ್ಲ. ನಿನ್ನ ಮೊಮ್ಮಗಳು ಓದ್ತಿರೋ ಹ್ಯೂಸ್ಟನ್ ಯೂನಿವರ್ಸಿಟಿ ಇದನ್ನ ಇವತ್ತಿನವರೆಗೂ ಒಂದು ಸಲಾನೂ ಗೆದ್ದಿಲ್ಲ. ಫೈನಲ್‌ಗೆ ಬಂದಿದ್ದೇ ಮೂರು ಸಲ. 1983ರಲ್ಲಿ ಸೋತ್ರು, 1984ರಲ್ಲಿ ಸೋತ್ರು, ನಿನ್ನೆ, 2025ರ ಏಪ್ರಿಲ್ 7ಕ್ಕೆ, ಸ್ಯಾನ್ ಆಂಟೋನಿಯೋದಲ್ಲಿ ಫ್ಲೋರಿಡಾ ಎದುರು 65-63ಕ್ಕೆ ಸೋತ್ರು. ಎರಡೇ ಎರಡು ಪಾಯಿಂಟು ಅಮ್ಮಾ. ಗಂಟಲಲ್ಲಿ ಅನ್ನ ಇಳೀಲಿಲ್ಲ, ಅಷ್ಟೇ. ಇವತ್ತು ಊಟ ಮಾಡಿದೀನಿ, ನೀನು ಯೋಚನೆ ಮಾಡ್ಬೇಡ.

ಈಗ ನಿನ್ನ ವಿಷಯಕ್ಕೆ ಬರ್ತೀನಿ ಪುಟ್ಟಾ. ನೀನು ಬೆಳಗ್ಗೆ ಆರೂವರೆಗೆ ಎದ್ದು ನೋಡಿದೆ, ಸಂತೋಷ. ಆದ್ರೆ ನಿನ್ನ ಕಣ್ಣು ಕೊನೇ ಐದು ಸೆಕೆಂಡಿನ ಮೇಲೆ ನಿಂತುಬಿಟ್ಟಿದೆ. ಆ ಮ್ಯಾಚು ಅಲ್ಲಿ ಸೋತಿದ್ದಲ್ಲ.

ಲೆಕ್ಕ ಹಾಕು. ಅರ್ಧ ಆಟಕ್ಕೆ ನಾವು 31-28. ಎರಡನೇ ಅರ್ಧ ಶುರುವಾಗ್ತಿದ್ದ ಹಾಗೇ ನಮ್ಮ ಹುಡುಗರು ಒಂದೇ ಬೀಸಲ್ಲಿ 42-30 ಮಾಡಿದ್ರು. ಹನ್ನೆರಡು ಪಾಯಿಂಟ್ ಮುಂದೆ! ನಾನು ಸೋಫಾ ಬಿಟ್ಟು ಟಿವಿ ಮುಂದೆ ನಿಂತಿದ್ದೆ. ಅಲ್ಲಿಂದ ಮುಂದಕ್ಕೆ ನೋಡು. ಫ್ಲೋರಿಡಾ 35 ಹೊಡೀತು, ನಾವು 21. ಈ 35ಕ್ಕೆ 21 ಅನ್ನೋದರಲ್ಲೇ ಮ್ಯಾಚು ಹೋಗಿದ್ದು. ಇನ್ನೊಂದು ಹೇಳ್ತೀನಿ, ನಲವತ್ತು ನಿಮಿಷದ ಆಟದಲ್ಲಿ ಫ್ಲೋರಿಡಾ ಮುಂದೆ ಇದ್ದಿದ್ದು ಎಲ್ಲಾ ಸೇರಿ 64 ಸೆಕೆಂಡು. ಒಂದು ನಿಮಿಷ ಚಿಲ್ಲರೆ! ಇದನ್ನ ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ತೊಳಸುತ್ತೆ.

ಯಾಕೆ ಹೀಗಾಯ್ತು? ಹ್ಯೂಸ್ಟನ್ ಡಿಫೆನ್ಸ್ ಕೆಟ್ಟಿತು ಅಂತ ಇಲ್ಲಿ ಕೆಲವರು ಹೇಳ್ತಿದಾರೆ, ನಾನು ಒಪ್ಪಲ್ಲ. ವಾಲ್ಟರ್ ಕ್ಲೇಟನ್ ನೆನಪಿದಾನಲ್ಲ, ಚೆಂಡು ತಗೊಂಡು ಆಟ ನಡೆಸೋ ಫ್ಲೋರಿಡಾ ಗಾರ್ಡು? ಸೆಮಿಫೈನಲ್‌ನಲ್ಲಿ ಆಬರ್ನ್ ಮೇಲೆ 34 ಪಾಯಿಂಟ್ ಸುರಿದವನು. ಅವನನ್ನ ನಮ್ಮ ಹುಡುಗರು ಮೊದಲರ್ಧದಲ್ಲಿ ಸೊನ್ನೆಗೆ ಕಟ್ಟಿಹಾಕಿದ್ರು. ಒಂದು ಪಾಯಿಂಟೂ ಇಲ್ಲ. ಕೊನೆಗೂ ಅವನು ಮಾಡಿದ್ದು 11. ಅಂಥ ಆಟಗಾರನನ್ನ ಫೈನಲ್‌ನಲ್ಲಿ ಹನ್ನೊಂದಕ್ಕೆ ನಿಲ್ಲಿಸೋದು ಅಂದ್ರೆ ಅದಕ್ಕಿಂತ ಒಳ್ಳೇ ಡಿಫೆನ್ಸ್ ಇನ್ನೇನಿದೆ? ಮೊದಲರ್ಧದಲ್ಲಿ ಫ್ಲೋರಿಡಾನ ಉಳಿಸಿದ್ದು ವಿಲ್ ರಿಚರ್ಡ್. ಅವನು ಒಟ್ಟು 18 ಹೊಡೆದ. ಎಲ್ಲರ ಕಣ್ಣೂ ಕ್ಲೇಟನ್ ಮೇಲಿದ್ದಾಗ ಇವನು ಸದ್ದಿಲ್ಲದೆ ದೂರದಿಂದ ಹಾಕ್ತಾ ಹೋದ. ಅವನಿಲ್ಲದಿದ್ರೆ ಅರ್ಧ ಆಟಕ್ಕೇ ಮುಗಿದಿರೋದು.

ನಮಗೆ ಕೈಕೊಟ್ಟಿದ್ದು ಅಟ್ಯಾಕು. ಹ್ಯೂಸ್ಟನ್ ಆಡೋದೇ ನಿಧಾನ, ಇಡೀ ದೇಶದಲ್ಲೇ ತೀರಾ ನಿಧಾನದ ತಂಡಗಳಲ್ಲಿ ಒಂದು. ಚೆಂಡು ಸಿಕ್ಕ ಮೇಲೆ ಶಾಟ್ ಹೊಡೆಯೋಕೆ ಮೂವತ್ತು ಸೆಕೆಂಡು ಇರುತ್ತೆ, ಇವರು ಅದರಲ್ಲಿ ಇಪ್ಪತ್ತೋ ಇಪ್ಪತ್ತೈದೋ ತಗೋತಾರೆ. ಎದುರಾಳಿಯನ್ನ ಸುಸ್ತು ಮಾಡಿ, ಶಾಟ್ ತಪ್ಪಿದ್ರೂ ರೀಬೌಂಡ್, ಅಂದ್ರೆ ರಿಂಗಿಗೆ ಬಡಿದು ವಾಪಸ್ ಬಂದ ಚೆಂಡು, ಕಿತ್ಕೊಂಡು ಮತ್ತೆ ಹೊಡೆಯೋದು, ಇದೇ ಅವರ ದಾರಿ. ಈ ದಾರೀಲೇ ವರ್ಷಪೂರ್ತಿ ಗೆದ್ದರು, ಅದನ್ನ ತಪ್ಪು ಅನ್ನಲ್ಲ. ಆದ್ರೆ ಹನ್ನೆರಡು ಪಾಯಿಂಟ್ ಮುಂದೆ ಇದ್ದಾಗ ನಿಧಾನ ಆಡೋದಕ್ಕೂ, ಮುನ್ನಡೆ ಕರಗ್ತಾ ಇರುವಾಗ ನಿಧಾನ ಆಡೋದಕ್ಕೂ ವ್ಯತ್ಯಾಸ ಇದೆ ಕಣೋ. ನನ್ನ ಕಣ್ಣಿಗೆ ಕಂಡಿದ್ದು ಏನಂದ್ರೆ, ಎರಡನೇ ಅರ್ಧದ ಮಧ್ಯದಿಂದ ಎಲ್ಲರೂ ಹೊರಗಡೆ ನಿಂತು ಚೆಂಡು ಕೈಯಿಂದ ಕೈಗೆ ದಾಟಿಸ್ತಾ ಇದ್ರು. ರಿಂಗಿನ ಕಡೆ ನುಗ್ಗೋರೇ ಇಲ್ಲ. ಗಡಿಯಾರ ಮುಗೀತಾ ಬಂದಾಗ ಯಾರ ಕೈಯಲ್ಲಿ ಇರುತ್ತೋ ಅವನು ಅವಸರದಲ್ಲಿ ಎಸೆಯೋದು. ಎಲ್.ಜೆ. ಕ್ರೈಯರ್ ಒಬ್ಬ 19 ಹೊಡೆದ, ಬೇರೆ ಯಾರೂ ಅವನ ಹತ್ತಿರಕ್ಕೂ ಬರ್ಲಿಲ್ಲ. ದೂರದ ಗೆರೆ ಹೊರಗಿಂದ ಹಾಕೋ ಮೂರು ಪಾಯಿಂಟ್ ಶಾಟ್‌ನಲ್ಲಿ ದೇಶದ ಒಳ್ಳೇ ತಂಡಗಳಲ್ಲಿ ಒಂದು ಅನ್ನಿಸ್ಕೊಂಡಿದ್ದೋರು, ನಿನ್ನೆ ರಾತ್ರಿ ಮಾತ್ರ ಹಾಕಿದ್ದೆಲ್ಲ ರಿಂಗಿಗೆ ಬಡಿದು ಆಚೆ.

ಅದೇ ಹೊತ್ತಲ್ಲಿ ಕ್ಲೇಟನ್ ಏನು ಮಾಡಿದ ನೋಡು. ದೂರದ ಶಾಟ್ ಬೀಳ್ತಿಲ್ಲ ಅಂತ ಗೊತ್ತಾದ ಮೇಲೆ ಹಟ ಹಿಡೀಲಿಲ್ಲ. ಒಳಗೆ ನುಗ್ಗೋಕೆ ಶುರು ಮಾಡಿದ. ನುಗ್ಗಿದ್ರೆ ಏನಾಗುತ್ತೆ? ಬುಟ್ಟಿ ಸಿಗಬಹುದು, ಫೌಲ್ ಸಿಗಬಹುದು, ಇಲ್ಲ ಇಬ್ಬರು ಮೈಮೇಲೆ ಬಂದ್ರೆ ಖಾಲಿ ನಿಂತಿರೋ ಜೊತೆಗಾರನಿಗೆ ಪಾಸ್ ಕೊಡಬಹುದು. ಪಾಸ್ ಕೊಟ್ಟೂ ಕೊಟ್ಟೂ ಬೇರೆಯವರ ಕೈಯಲ್ಲಿ ಬುಟ್ಟಿ ಹಾಕಿಸಿದ. ಹನ್ನೊಂದೇ ಪಾಯಿಂಟ್ ಹೊಡೆದವನಿಗೆ ಟೂರ್ನಮೆಂಟಿನ ಅತ್ಯುತ್ತಮ ಆಟಗಾರ ಅಂತ ಸುಮ್ಮನೆ ಕೊಡ್ಲಿಲ್ಲ. ನೀನೂ ಗಾರ್ಡ್ ಆಡ್ತೀಯಲ್ಲ, ಇದನ್ನ ನೋಡಿ ಕಲ್ತ್ಕೋಬೇಕು. ಶಾಟ್ ಬೀಳದಿರೋ ದಿನ ಆಟ ಆಡೋದು ಹೇಗೆ ಅನ್ನೋದನ್ನ.

ಈಗ ಆ ಕೊನೇ ನಿಮಿಷ. 46 ಸೆಕೆಂಡ್ ಉಳಿದಿರುವಾಗ ಫ್ಲೋರಿಡಾದ ಅಲೈಜಾ ಮಾರ್ಟಿನ್ ಎರಡು ಫ್ರೀ ಥ್ರೋ, ಅಂದ್ರೆ ಫೌಲ್ ಆದಾಗ ಗೆರೆ ಮೇಲೆ ನಿಂತು ಹೊಡೆಯೋ ಒಂದೊಂದು ಪಾಯಿಂಟಿನ ಶಾಟು, ಹಾಕಿದ. 64-63. ಎರಡನೇ ಅರ್ಧದಲ್ಲಿ ಫ್ಲೋರಿಡಾ ಮೊದಲ ಸಲ ಮುಂದೆ ಬಂದಿದ್ದೇ ಅಲ್ಲಿ. ಈ ಮಾರ್ಟಿನ್ ಯಾರು ಗೊತ್ತಾ? 2023ರಲ್ಲಿ ಫ್ಲೋರಿಡಾ ಅಟ್ಲಾಂಟಿಕ್ ಅನ್ನೋ ಸಣ್ಣ ಕಾಲೇಜಿಗೆ ಆಡ್ತಿದ್ದ. ಸೆಮಿಫೈನಲ್‌ನಲ್ಲಿ ಕೊನೇ ಗಂಟೆ ಬಾರಿಸೋ ಹೊತ್ತಿಗೆ ಎದುರಾಳಿ ಹಾಕಿದ ಒಂದು ಶಾಟ್‌ನಿಂದ ಒಂದೇ ಪಾಯಿಂಟಿಗೆ ಸೋತು ಹೋಗಿದ್ದೋರು ಅವರು. ಅದನ್ನ ಅನುಭವಿಸಿದವನು ನಿನ್ನೆ ಆ ಗೆರೆ ಮೇಲೆ ನಿಂತು ಕೈ ನಡುಗದೆ ಎರಡೂ ಹಾಕಿದ. ಎದುರಾಳಿ ಆದ್ರೂ ನನಗೆ ಅವನ ಮೇಲೆ ಕೋಪ ಬರ್ಲಿಲ್ಲ.

ಆಮೇಲೆ ನಮ್ಮ ಸರದಿ. ಶಾರ್ಪ್ ಒಳಗೆ ನುಗ್ಗೋಕೆ ಹೋದ, ರಿಚರ್ಡ್ ಅಡ್ಡ ಬಂದಾಗ ಚೆಂಡು ಶಾರ್ಪ್ ಕಾಲಿಗೇ ಬಡಿದು ಹೊರಗೆ ಹೋಯ್ತು, ಚೆಂಡು ಅವರಿಗೆ. ಡೆನ್ಜೆಲ್ ಅಬರ್‌ಡೀನ್ ಎರಡು ಫ್ರೀ ಥ್ರೋನಲ್ಲಿ ಒಂದು ಹಾಕಿ ಒಂದು ತಪ್ಪಿಸಿದ. 65-63. ಹತ್ತೊಂಬತ್ತು ಸೆಕೆಂಡ್ ಚಿಲ್ಲರೆ ಉಳಿದಿದೆ, ಚೆಂಡು ನಮ್ಮ ಕೈಲಿ. ಇಲ್ಲಿ ಗಮನ ಇಟ್ಟು ಕೇಳು ಪುಟ್ಟಾ. ನಮಗೆ ಬೇಕಿದ್ದಿದ್ದು ಎರಡು. ಎರಡು ಬಂದ್ರೆ ಸಮ, ಓವರ್‌ಟೈಮು. ಮೂರೇ ಬೇಕು ಅಂತ ಏನಿರ್ಲಿಲ್ಲ. ಆದ್ರೂ ಕಾದು ಕಾದು, ಸೆಕೆಂಡು ಕರಗಿಸಿ, ಕೊನೆಗೆ ಗೆರೆ ಹೊರಗೆ ನಿಂತಿದ್ದ ಶಾರ್ಪ್‌ಗೆ ಚೆಂಡು ಬಂತು. ಅವನು ಶಾಟ್‌ಗೆ ಅಂತ ಮೇಲೆ ಹಾರಿದ. ಕ್ಲೇಟನ್ ಎಲ್ಲಿಂದಲೋ ಓಡಿ ಬಂದು ಮುಖದ ಮೇಲೇ ಹಾರಿದ. ಹೊಡೆದಿದ್ರೆ ಬ್ಲಾಕ್ ಆಗ್ತಿತ್ತು, ಹೊಡೀದೆ ಚೆಂಡು ಹಿಡ್ಕೊಂಡು ಕೆಳಗಿಳಿದ್ರೆ ಟ್ರಾವೆಲ್, ಅಂದ್ರೆ ನಿಯಮ ಮುರಿದ ಹಾಗೆ, ಚೆಂಡು ಎದುರಾಳಿಗೆ. ಅರ್ಧ ಸೆಕೆಂಡಲ್ಲಿ ಅವನ ಕೈ ಮಾಡಿದ ತೀರ್ಮಾನ ಅದು, ಚೆಂಡನ್ನ ನೆಲಕ್ಕೆ ಬಿಟ್ಟ. ಬಿಟ್ಟ ಮೇಲೆ ಮತ್ತೆ ತಾನೇ ಮುಟ್ಟೋ ಹಾಗಿಲ್ಲ, ಮುಟ್ಟಿದ್ರೆ ಅದೂ ಟ್ರಾವೆಲ್ಲೇ. ಕಣ್ಣೆದುರಿಗೆ ಚೆಂಡು ಪುಟಿತಾ ಇದೆ, ಕೈ ಚಾಚಿದ್ರೆ ಸಿಗುತ್ತೆ, ಮುಟ್ಟೋ ಹಾಗಿಲ್ಲ. ಫ್ಲೋರಿಡಾದ ಅಲೆಕ್ಸ್ ಕಾಂಡನ್ ನೆಲಕ್ಕೆ ಬಿದ್ದು ಚೆಂಡನ್ನ ಎದೆಗವಚಿಕೊಂಡ. ಅಷ್ಟೇ. ಶಾರ್ಪ್ ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟ. ನನ್ನ ಮಗಳು ಪಕ್ಕದಲ್ಲಿ ಬಿಕ್ಕಿ ಬಿಕ್ಕಿ ಅಳ್ತಿದ್ಲು.

ನನ್ನನ್ನ ತುಂಬಾ ಚುಚ್ಚಿದ್ದು ಕಾಂಡನ್ ಹೊಡೆದ ಆ ಡೈವು. ಯಾಕೆ ಹೇಳ್ತೀನಿ. ಕೋಚ್ ಕೆಲ್ವಿನ್ ಸ್ಯಾಂಪ್ಸನ್ 2014ರಲ್ಲಿ ಇಲ್ಲಿಗೆ ಬಂದಾಗಿನಿಂದ ಪ್ರಾಕ್ಟೀಸ್‌ನಲ್ಲಿ ರಿಂಗಿನ ಮೇಲೆ ಒಂದು ಪ್ಲಾಸ್ಟಿಕ್ ಮುಚ್ಚಳ ಹಾಕಿಸ್ತಾರೆ. ಯಾವ ಶಾಟೂ ಒಳಗೆ ಬೀಳಲ್ಲ, ಹೊಡೆದಿದ್ದೆಲ್ಲ ವಾಪಸ್ ಪುಟಿಯುತ್ತೆ, ಹುಡುಗರು ಅದಕ್ಕೆ ಹೊಡೆದಾಡಬೇಕು. ಇನ್ನೊಂದು ಅಭ್ಯಾಸ, ಚೆಂಡನ್ನ ನೆಲದ ಮೇಲೆ ಉರುಳಿಸಿ ಬಿಡೋದು, ಇಬ್ಬರು ಮೈ ಸವೆದುಕೊಂಡು ನೆಲಕ್ಕೆ ಬಿದ್ದು ಅದನ್ನ ಹಿಡೀಬೇಕು. ನೆಲಕ್ಕೆ ಬಿದ್ದ ಚೆಂಡು ಹ್ಯೂಸ್ಟನ್‌ದು ಅಂತ ಇಲ್ಲಿ ಎಲ್ಲರೂ ಹೇಳೋ ಮಾತು. ಇಡೀ ವರ್ಷ ಅದಕ್ಕೇ ತಯಾರಾದ ತಂಡ, ಕೊನೇ ಚೆಂಡು ನೆಲದ ಮೇಲೆ ಇದ್ದಾಗ ನಿಯಮದ ಕೈಗೆ ಸಿಕ್ಕಿ ನಿಂತು ನೋಡಬೇಕಾಯ್ತು. ಇದನ್ನ ಯಾವ ಕೋಚ್ ತಾನೇ ಕಲಿಸೋಕಾಗುತ್ತೆ ಹೇಳು.

ಆದ್ರೂ ಸ್ಯಾಂಪ್ಸನ್ ಅವರನ್ನ ನಾನು ಪೂರ್ತಿ ಬಿಡಲ್ಲ. ಅವರ ಮೇಲೆ ನನಗೆ ತುಂಬಾ ಗೌರವ ಇದೆ, 69 ವಯಸ್ಸಿನ ಮನುಷ್ಯ, ಗೆದ್ದಿದ್ರೆ ಈ ಪಟ್ಟ ಗೆದ್ದ ಅತಿ ಹಿರಿಯ ಕೋಚ್ ಆಗ್ತಿದ್ರು. ಆದ್ರೆ ಕೊನೇ ಎರಡು ಸಲ ಚೆಂಡು ಬಂದಾಗ ನಮ್ಮ ತಂಡ ಒಂದು ಶಾಟನ್ನೂ ಹೊಡೀಲಿಲ್ಲ. ತಪ್ಪಿದ್ದಲ್ಲ, ಹೊಡೆಯೋದೇ ಆಗ್ಲಿಲ್ಲ. ತಪ್ಪಿದ್ರೆ ರೀಬೌಂಡ್ ಇರುತ್ತಲ್ಲ? ಜೆವಾನ್ ರಾಬರ್ಟ್ಸ್, ಜೋಸೆಫ್ ಟಗ್ಲರ್, ಈ ಇಬ್ಬರು ರಿಂಗ್ ಕೆಳಗೆ ಇರುವಾಗ ತಪ್ಪಿದ ಶಾಟೂ ಅರ್ಧ ಪಾಸ್ ಇದ್ದ ಹಾಗೇನೇ. ಹತ್ತೊಂಬತ್ತು ಸೆಕೆಂಡ್ ಇದ್ದಾಗ ಎಂಟು ಸೆಕೆಂಡಿನೊಳಗೆ ನುಗ್ಗಿದ್ದಿದ್ರೆ, ತಪ್ಪಿದ್ರೂ ಇನ್ನೊಂದು ಅವಕಾಶಕ್ಕೆ ಹೊತ್ತಿರ್ತಿತ್ತು. ನಾನು ಕಾಲೇಜಲ್ಲಿ ಆಡ್ತಿದ್ದಾಗ ನಮ್ಮ ಸರ್ ಇದನ್ನೇ ಹೇಳಿ ಹೇಳಿ ತಲೆಗೆ ತುಂಬಿದ್ರು, ಹಿಂದೆ ಇರೋವಾಗ ಮೊದಲು ರಿಂಗಿನ ಕಡೆ ಹೋಗಿ, ಉಳಿದಿದ್ದು ಆಮೇಲೆ ಅಂತ.

ಅಣ್ಣಾ, ನೀನು 1983ರ ಬಗ್ಗೆ ಕೇಳಿದ್ದೆಯಲ್ಲ ಮೊನ್ನೆ. ಅದೂ ಹೀಗೇ. ಅಕೀಮ್ ಒಲಾಜುವನ್, ಕ್ಲೈಡ್ ಡ್ರೆಕ್ಸ್ಲರ್ ಒಟ್ಟಿಗೆ ಆಡ್ತಿದ್ದ ತಂಡ ಅದು. ಆಲ್ಬುಕರ್ಕಿಯಲ್ಲಿ ಫೈನಲ್ಲು, ಎದುರಿಗೆ ನಾರ್ತ್ ಕೆರೊಲಿನಾ ಸ್ಟೇಟ್. ಎರಡನೇ ಅರ್ಧದಲ್ಲಿ ಮುಂದೆ ಬಂದ ಮೇಲೆ ಹ್ಯೂಸ್ಟನ್ ಆಟ ನಿಧಾನ ಮಾಡಿತು, ಆಗ ಕಾಲೇಜು ಆಟದಲ್ಲಿ ಇಷ್ಟು ಸೆಕೆಂಡೊಳಗೆ ಶಾಟ್ ಹೊಡೀಬೇಕು ಅನ್ನೋ ಶಾಟ್ ಕ್ಲಾಕ್ ಇನ್ನೂ ಬಂದಿರ್ಲಿಲ್ಲ. ಅವರು ಬೇಕಂತ ಫೌಲ್ ಮಾಡಿ ಇವರನ್ನ ಫ್ರೀ ಥ್ರೋ ಗೆರೆಗೆ ಕಳಿಸಿದ್ರು, ಇವರು ತಪ್ಪಿಸ್ತಾ ಹೋದ್ರು. ಕೊನೇ ಸೆಕೆಂಡಲ್ಲಿ ಗುರಿ ಮುಟ್ಟದೆ ಬೀಳ್ತಿದ್ದ ಒಂದು ಶಾಟನ್ನ ಲೊರೆಂಜೊ ಚಾರ್ಲ್ಸ್ ಗಾಳೀಲೇ ಹಿಡಿದು ಒಳಗೆ ತುರುಕಿದ. 54-52. ಅದೇ ಎರಡು ಪಾಯಿಂಟ್. ಆವತ್ತು ಗೆದ್ದ ಕೋಚ್ ಜಿಮ್ ವಾಲ್ವಾನೋಗೆ 37 ವಯಸ್ಸು. ಅವರಾದ ಮೇಲೆ ಈ ಪಟ್ಟ ಗೆದ್ದ ಅತಿ ಕಿರಿಯ ಕೋಚ್ ಯಾರು ಅಂದ್ರೆ ನಿನ್ನೆ ನಮ್ಮನ್ನ ಸೋಲಿಸಿದ ಟಾಡ್ ಗೋಲ್ಡನ್, 39. ಎರಡೂ ಸಲ ಎದುರಿಗಿದ್ದಿದ್ದು ಹ್ಯೂಸ್ಟನ್ನೇ. ಇಲ್ಲಿಯ ವಯಸ್ಸಾದವರು ಆ ಡಂಕ್ ನೆನೆಸಿ ಈಗ್ಲೂ ಕಣ್ಣೀರು ಹಾಕ್ತಾರೆ, ಇಷ್ಟು ದಿನ ನನಗದು ಅರ್ಥ ಆಗ್ತಿರ್ಲಿಲ್ಲ.

ಪುಟ್ಟಾ, ಕೊನೇದಾಗಿ ಶನಿವಾರದ್ದು ನೆನಪು ಮಾಡ್ಕೋ. ಸೆಮಿಫೈನಲ್ಲು, ಡ್ಯೂಕ್ ಎದುರಿಗೆ. ಒಂದು ಹೊತ್ತಲ್ಲಿ 14 ಪಾಯಿಂಟ್ ಹಿಂದಿದ್ರು. ಮೂವತ್ತೈದು ಸೆಕೆಂಡ್ ಉಳಿದಿದ್ದಾಗಲೂ ಆರು ಹಿಂದೆ, ಎದುರಿಗೆ ಕೂಪರ್ ಫ್ಲ್ಯಾಗ್ ಅಂಥ ಹುಡುಗ. ನೀನೇ ಆವತ್ತು "ಅತ್ತೆ, ಮುಗೀತು" ಅಂತ ಮೆಸೇಜ್ ಹಾಕಿದ್ದೆ. ಆಗ ಆ ಮೂರು ಪಾಯಿಂಟ್ ಶಾಟ್ ಹಾಕಿ ಉಸಿರು ವಾಪಸ್ ತಂದವನು ಯಾರು? ಇದೇ ಇಮ್ಯಾನುಯೆಲ್ ಶಾರ್ಪ್. ಅಲ್ಲಿಂದ ಮುಂದೆ ಡ್ಯೂಕ್‌ಗೆ ಒಂದು ಪಾಯಿಂಟೂ ಬಿಟ್ಕೊಡದೆ 70-67ಕ್ಕೆ ಗೆದ್ರು. ಆ ಶಾಟ್ ಇಲ್ಲದಿದ್ರೆ ಸೋಮವಾರ ಅನ್ನೋದೇ ಇರ್ತಿರ್ಲಿಲ್ಲ. ಎರಡು ದಿನದ ಹಿಂದೆ ನೀನು ಅವನ ವಿಡಿಯೋನ ಈ ಗ್ರೂಪಲ್ಲಿ ಮೂರು ಸಲ ಹಾಕಿದ್ದೆ ಕಣೋ, ಮೇಲಕ್ಕೆ ಹೋಗಿ ನೋಡು, ಇನ್ನೂ ಇದೆ.

ಭಾನುವಾರ ಬಿಡುವಿದ್ರೆ ಆ ಎರಡನೇ ಅರ್ಧಾನ 42-30ರಿಂದ ಹಿಡಿದು ಇನ್ನೊಂದು ಸಲ ನೋಡು, ಚೆಂಡಿನ ಮೇಲೆ ಕಣ್ಣಿಡಬೇಡ, ಚೆಂಡಿಲ್ಲದ ನಾಲ್ಕು ಜನ ಹ್ಯೂಸ್ಟನ್ ಹುಡುಗರು ಎಲ್ಲಿ ನಿಂತಿದಾರೆ ಅನ್ನೋದನ್ನ ನೋಡು. ನೋಡಿ ಆದ್ಮೇಲೆ ನನಗೆ ಫೋನ್ ಮಾಡು, ಮಾತಾಡೋಣ. ಆಮೇಲೆ ಬೆಳಗ್ಗೆ ಆ ಹುಡುಗನಿಗೆ ಬೈದು ಹಾಕಿದೀಯಲ್ಲ, ಆ ಮೆಸೇಜು ಅಳಿಸಿಬಿಡು ಪುಟ್ಟಾ. ನಿನ್ನ ಅಕ್ಕ ಅವರೆಲ್ಲರ ಜೊತೆ ಅದೇ ಕ್ಯಾಂಪಸ್‌ನಲ್ಲಿ ಓಡಾಡ್ತಾಳೆ, ಅವಳು ಇನ್ನೂ ಗ್ರೂಪ್ ನೋಡಿಲ್ಲ.