ತಿದ್ದಿದ ಫೋಟೊ ಎಂದು ಗೊತ್ತಾದ ಮೇಲೂ ಅದೇ ಯಾಕೆ ನೆನಪಿನಲ್ಲಿ ಉಳಿಯುತ್ತದೆ?

ಶಾರದಾ_ಇತಿಹಾಸ:
ಪಿಯುಸಿ ಮಕ್ಕಳಿಗೆ ಪ್ರಚಾರ ಚಿತ್ರಗಳ ಬಗ್ಗೆ ಒಂದು ತರಗತಿ ತೆಗೆದುಕೊಳ್ಳಬೇಕಿದೆ. ಮಾಸ್ಕೋ ಕಾಲುವೆಯ ದಡದಲ್ಲಿ ಸೋವಿಯತ್ ನಾಯಕ ಸ್ಟಾಲಿನ್ ಪಕ್ಕ ನಿಂತಿದ್ದ, ಅವನ ಗುಪ್ತ ಪೊಲೀಸ್ ಮುಖ್ಯಸ್ಥ ಯೆಜೋವ್‌ನನ್ನು ಅಳಿಸಿದ ಫೋಟೊದಿಂದ ಶುರು ಮಾಡುವ ಯೋಚನೆ. ಸುಳ್ಳು ಎಂದು ಹೇಳಿದ ಮೇಲೂ ಚಿತ್ರ ತಲೆಯಲ್ಲಿ ಯಾಕೆ ಕೂತಿರುತ್ತದೆ? ಅಂಥದ್ದನ್ನೇ ತೋರಿಸಿದರೆ ನಾವೇ ಮಕ್ಕಳ ತಲೆಗೆ ತುಂಬಿದಂತಾಗುವುದಿಲ್ಲವೇ?

ನೆನಪಿನೋಣಿ:
ಶಾರದಾ ಮೇಡಂ, ಚಿತ್ರ ಉಳಿಯುವುದು ಒಂದು ಕಡೆ, ಅದು ಎಲ್ಲಿಂದ ಬಂತು ಎಂಬುದು ಇನ್ನೊಂದು ಕಡೆ. ಎರಡನ್ನೂ ಕಟ್ಟಿದ ದಾರ ಬಹಳ ತೆಳು. 1967ರಲ್ಲಿ ಮನಶ್ಶಾಸ್ತ್ರಜ್ಞ ರೋಜರ್ ಶೆಪರ್ಡ್ 612 ಚಿತ್ರಗಳನ್ನು ತೋರಿಸಿ, ಆಮೇಲೆ ಹಳೆಯದೊಂದು ಹೊಸದೊಂದು ಜೋಡಿಯಾಗಿಟ್ಟು ಕೇಳಿದಾಗ ಜನ ನೂರಕ್ಕೆ 95ಕ್ಕೂ ಹೆಚ್ಚು ಸರಿ ಹೇಳಿದರು. ಕಂಡದ್ದು ಅಷ್ಟು ಗಟ್ಟಿಯಾಗಿ ಕೂರುತ್ತದೆ. ಆದರೆ ಕಂಡದ್ದು ಪತ್ರಿಕೆಯಲ್ಲೋ ಫಾರ್ವರ್ಡಿನಲ್ಲೋ, ಸುಳ್ಳು ಅಂತ ಯಾರಾದರೂ ಹೇಳಿದ್ದರೋ, ಇದೆಲ್ಲ ಬೇಗ ಸವೆಯುತ್ತದೆ.

ಇದಕ್ಕೆ ಭಯ, ಸಿಟ್ಟು ಸೇರಿದರೆ ಮೆದುಳಿನಲ್ಲಿ ಭಾವನೆಯನ್ನು ಗುರುತಿಸುವ ಅಮಿಗ್ಡಲಾ ಚುರುಕಾಗಿ, ನೆನಪು ಕಟ್ಟುವ ಹಿಪ್ಪೊಕ್ಯಾಂಪಸ್ ಆ ನೆನಪನ್ನು ಇನ್ನಷ್ಟು ಬಿಗಿಯಾಗಿ ಕೂರಿಸುತ್ತದೆ. ಬಿಗಿಯಾಗುವುದು ಚಿತ್ರದ ನಡುಭಾಗ ಮಾತ್ರ. ಎತ್ತಿದ ಕೈ ನೆನಪಿರುತ್ತದೆ, ಹಿಂದಿದ್ದ ಅಂಗಡಿಯ ಬೋರ್ಡು ನೆನಪಿರುವುದಿಲ್ಲ. ಊರು ಯಾವುದು ಅಂತ ಹೇಳುತ್ತಿದ್ದದ್ದು ಆ ಬೋರ್ಡೇ. ಮೇಲಾಗಿ ಮೂರನೇ ಸಲ ಕಂಡ ಚಿತ್ರವನ್ನು ಮೆದುಳು ಸಲೀಸಾಗಿ ಗುರುತಿಸುತ್ತದೆ, ಆ ಸಲೀಸುತನವನ್ನೇ ಮನಸ್ಸು ‘ನಿಜ ಇರಬೇಕು’ ಅಂತ ಲೆಕ್ಕ ಹಾಕುತ್ತದೆ.

ತರಗತಿಗೆ ಚೆನ್ನಾಗಿ ಹೊಂದುವ ಪ್ರಯೋಗ 2007ರದು, ಇಟಲಿಯಲ್ಲಿ ನಡೆದದ್ದು. ಚೀನಾದ 1989ರ ಪ್ರತಿಭಟನೆಯಲ್ಲಿ ಬೀಜಿಂಗಿನ ಟಿಯಾನನ್ಮೆನ್‌ನ ಟ್ಯಾಂಕುಗಳ ಮುಂದೆ ಒಬ್ಬನೇ ನಿಂತವನ ಫೋಟೊಗೆ ಜನಜಂಗುಳಿ ಸೇರಿಸಿದ್ದರು. 2003ರ ರೋಮ್ ಶಾಂತಿ ಮೆರವಣಿಗೆಯ ಫೋಟೊಗೆ ಗಲಭೆ ಪೊಲೀಸರನ್ನೂ ಮುಸುಕುಧಾರಿಯನ್ನೂ ಅಂಟಿಸಿದ್ದರು. ತಿದ್ದಿದ್ದನ್ನು ಕಂಡವರು ಮೊದಲನೆಯದರಲ್ಲಿ ಹೆಚ್ಚು ಜನರಿದ್ದರು ಎಂದರು, ಎರಡನೆಯದರಲ್ಲಿ ಹಿಂಸೆ ಹೆಚ್ಚಿತ್ತು ಎಂದರು. ಮುಂದೆ ಮೆರವಣಿಗೆಗೆ ಹೋಗುವ ಉತ್ಸಾಹವೂ ಅವರಲ್ಲಿ ಕಡಿಮೆಯಿತ್ತು. ನನಗೆ ಅತಿ ಕಳವಳದ ಭಾಗ ಇದೇ: ಬದಲಾದದ್ದು ನೆನಪೊಂದೇ ಅಲ್ಲ.

ಚಿತ್ರಶೋಧಕ:
ಒಂದು ಮಾತು ಸೇರಿಸುತ್ತೇನೆ. ನಾಜೂಕಾಗಿ ತಿದ್ದಿದರೆ ಮಾತ್ರ ಮೋಸ ಹೋಗುತ್ತೇವೆ ಎಂಬುದು ತಪ್ಪು. ಎಷ್ಟೋ ಸಲ ತಿದ್ದುವುದೇ ಇಲ್ಲ, ಕತ್ತರಿಸಿದರೆ ಸಾಕು. 2018ರಲ್ಲಿ ನಮ್ಮಲ್ಲಿ ಹರಿದಾಡಿದ ‘ಮಕ್ಕಳ ಕಳ್ಳರ’ ವಿಡಿಯೊ ಕರಾಚಿಯ ಜಾಗೃತಿ ಚಿತ್ರ. ಪೂರ್ತಿ ನೋಡಿದರೆ ಬೈಕ್ ವಾಪಸ್ ಬರುತ್ತದೆ, ಮಗುವನ್ನು ಇಳಿಸಿ ಎಚ್ಚರಿಕೆಯ ಫಲಕ ಹಿಡಿಯುತ್ತಾರೆ. ಆ ಕೊನೆಯ ತುಣುಕು ಇಲ್ಲದ್ದೇ ಎಲ್ಲರ ಫೋನಿಗೂ ಬಂತು. ಅದೇ ವರ್ಷ ಮೇನಲ್ಲಿ ಬೆಂಗಳೂರಿನಲ್ಲಿ, ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ, ಮಕ್ಕಳ ಕಳ್ಳರೆಂಬ ಶಂಕೆಯಲ್ಲಿ ಗುಂಪು ಹೊಡೆದು ಜೀವ ಹೋದವು.

ತೋರಿಸುವ ಕ್ರಮ ಹೀಗಿರಲಿ. ಮೊದಲ ಸ್ಲೈಡಿನಲ್ಲಿ ಚಿತ್ರ ಬೇಡ, ನಡೆದದ್ದೇನು ಎಂಬುದನ್ನು ಒಂದು ವಾಕ್ಯದಲ್ಲಿ ಬರೆಯಿರಿ. ‘ಮುಂದೆ ಬರುವುದು ತಿದ್ದಿದ್ದು’ ಎಂದು ಬಾಯಲ್ಲೂ ಹೇಳಿ. ಆಮೇಲೆ ಚಿತ್ರ, ಅದರ ನಡುವೆಯೇ ಅಡ್ಡಲಾಗಿ ‘ಸುಳ್ಳು’ ಎಂಬ ದಪ್ಪ ಮುದ್ರೆ. ಮೂಲೆಯಲ್ಲಿ ಹಾಕಿದರೆ ಸ್ಕ್ರೀನ್‌ಶಾಟ್ ಕತ್ತರಿಸುವಾಗ ಅದೇ ಮೊದಲು ಹೋಗುತ್ತದೆ, ಅಡಿಬರಹದ ಗತಿಯೂ ಅಷ್ಟೇ. ಕೊನೆಗೆ ಯಾವ ಜಾಗ ತಿದ್ದಿದ್ದಾರೆ, ಯಾಕೆ ತಿದ್ದಿದ್ದಾರೆ ಎಂದು ಬೆರಳಿಟ್ಟು ತೋರಿಸಿ. ‘ಸುಳ್ಳು’ ಅಂದು ಬಿಟ್ಟರೆ ನೆನಪಿನಲ್ಲಿ ಒಂದು ತೂತು ಉಳಿಯುತ್ತದೆ, ಹಳೆಯ ಕಥೆಯೇ ಬಂದು ಅದನ್ನು ತುಂಬುತ್ತದೆ.

ಶಾರದಾ_ಇತಿಹಾಸ:
ಯೆಜೋವ್ ಫೋಟೊದ ಎರಡೂ ಪ್ರತಿಗಳನ್ನು ಅಕ್ಕಪಕ್ಕ ಇಡಬಹುದಾ?

ನೆನಪಿನೋಣಿ:
ಇಡಿ, ಆದರೆ ಒಟ್ಟಿಗೆ ಬೇಡ. ಇಲ್ಲಿ ಸುಳ್ಳು ಇರುವುದು ಇಲ್ಲದಿರುವುದರಲ್ಲಿ. ತಿದ್ದಿದ್ದನ್ನು ಮೊದಲು ಕಂಡರೆ ಹುಡುಕಲು ಏನೂ ಇರುವುದಿಲ್ಲ, ಅವನು ನಿಂತಿದ್ದ ಕಡೆ ಬರೀ ನೀರು. ಆದ್ದರಿಂದ ಮೂಲ ಫೋಟೊ ಮೊದಲು, ನಾಲ್ವರ ಹೆಸರನ್ನೂ ಬರೆಸಿ: ವೊರೊಶಿಲೊವ್, ಮೊಲೊಟೊವ್, ಸ್ಟಾಲಿನ್, ಯೆಜೋವ್. ಗುಪ್ತ ಪೊಲೀಸ್ ಮುಖ್ಯಸ್ಥನಾಗಿದ್ದವನನ್ನು 1940ರಲ್ಲಿ ಕೊಂದರು ಎಂದು ತಿಳಿಸಿ. ಆಮೇಲೆ ಎರಡನೆಯದು.

ಒಂದು ವಾರ ಬಿಟ್ಟು, ತಿದ್ದಿದ ಫೋಟೊದ ‘ಸುಳ್ಳು’ ಮುದ್ರೆಯಿಲ್ಲದ ಪ್ರತಿ ತೋರಿಸಿ ‘ಇಲ್ಲಿ ಎಷ್ಟು ಜನರಿದ್ದರು?’ ಎಂದಷ್ಟೇ ಕೇಳಿ, ಚೀಟಿಯಲ್ಲಿ ಬರೆಸಿಕೊಳ್ಳಿ. ಕೈ ಎತ್ತಿಸಬೇಡಿ, ಪಕ್ಕದವರನ್ನು ನೋಡಿ ಎತ್ತುತ್ತಾರೆ.