ಅವ್ವನನ್ನು ಖಿನ್ನತೆಯ ಔಷಧ ಪ್ರಯೋಗಕ್ಕೆ ಸೇರಿಸಬೇಕಾ? ಗೊತ್ತಿದ್ದವರು ಹೇಳಿ

ರಾಣೆಬೆನ್ನೂರಿನವ:

ಅವ್ವನಿಗೆ ಈಗ 57. ಅಪ್ಪ ಹೋಗಿ ಹದಿನಾಲ್ಕು ತಿಂಗಳಾಯಿತು. ಮೊದಮೊದಲು ದುಃಖ, ತಾನೇ ಇಳಿಯುತ್ತೆ ಅಂದುಕೊಂಡೆವು. ಆಮೇಲೆ ನೋಡಿದರೆ ನಸುಕಿನ ಮೂರಕ್ಕೇ ಎದ್ದು ಹಿತ್ತಲ ಬಾಗಿಲಲ್ಲಿ ಕೂತಿರೋದು, ಅರ್ಧ ರೊಟ್ಟಿಗೆ ಕೈ ತೊಳೆಯೋದು, ‘ಎದಿ ಮ್ಯಾಲ ಕಲ್ಲು ಇಟ್ಟಂಗ ಆಗೇತಿ’ ಅನ್ನೋದು. ಹೃದಯದ ಡಾಕ್ಟರು, ಗ್ಯಾಸಿನ ಡಾಕ್ಟರು ಎಲ್ಲ ಮುಗಿಸಿ ಕೊನೆಗೆ ಮನೋವೈದ್ಯರಲ್ಲಿಗೆ ಹೋದೆವು. ಖಿನ್ನತೆಯ ಗುಳಿಗೆ ಎಸಿಟಲೊಪ್ರಾಮ್ 10 ಮಿ.ಗ್ರಾಂ.ನಿಂದ ಶುರುವಾಗಿ ಈಗ 20. ಮೂರು ತಿಂಗಳಾಯಿತು. ನಿದ್ದೆ ಪರವಾಗಿಲ್ಲ, ಉಳಿದದ್ದು ಹಾಗೇ ಇದೆ.

ಈಗ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಸ್ಟಡಿ ಇದೆ, ಸೇರಿಸ್ತೀರಾ ಅಂತ ಕೇಳಿದ್ದಾರೆ. ಈಗಿನ ಗುಳಿಗೆ ಹಾಗೇ ಮುಂದುವರಿಯುತ್ತೆ, ಅದರ ಜೊತೆ ಹೊಸದೊಂದು. ಅದು ಔಷಧವೂ ಇರಬಹುದು, ಖಾಲಿ ಗುಳಿಗೆಯೂ ಇರಬಹುದು. ಎಂಟು ವಾರ, ಆರು ಸಲ ಹೋಗಬೇಕು, ಬಸ್ಸಿನ ಖರ್ಚು ಅವರದ್ದು. ಹದಿನಾರು ಪುಟದ ಫಾರ್ಮ್ ಕನ್ನಡದಲ್ಲೇ ಇದೆ, ಆದರೆ ‘ಯಾದೃಚ್ಛಿಕ ನಿಯೋಜನೆ’, ‘ದ್ವಿ-ಅಂಧ’ ಅಂತೆಲ್ಲ ಓದಿ ನನಗೇ ತಲೆ ತಿರುಗಿತು. ಸೋದರಮಾವ ‘ನಮ್ಮಕ್ಕನ್ನ ಇಲಿ ಮಾಡಬ್ಯಾಡ’ ಅಂತ ಜಗಳ ಮಾಡಿದರು. ಅವ್ವ ಮಾತ್ರ, ‘ಸಕ್ಕರಿ ಗುಳಿಗಿ ನುಂಗಾಕ ಬೆಂಗಳೂರಿಗ್ಯಾಕ ಹೋಗಬೇಕು, ಮನ್ಯಾಗ ಸಕ್ಕರಿ ಇಲ್ಲೇನು?’ ಅಂದಳು. ತಿಂಗಳುಗಳ ಮೇಲೆ ಅವಳ ಬಾಯಲ್ಲಿ ಬಂದ ಮೊದಲ ತಮಾಷೆ ಅದು.

ಏನು ಮಾಡಲಿ?

ಬಸವನಗುಡಿ ಬಾಯ್:

ಬೇಡ ಗುರು. ಪುಕ್ಕಟೆ ಔಷಧ ಕೊಡ್ತಾರೆ ಅಂದ್ರೆ ಅಲ್ಲೇ ಅರ್ಥ ಮಾಡ್ಕೋ. ಕಂಪನಿ ದುಡ್ಡು ಮಾಡೋಕೆ ನಿಮ್ಮ ತಾಯಿ ಬೇಕಾ?

ಹಳೇ ರೇಟರ್:

ನಾನು ನಾಲ್ಕು ವರ್ಷ ಇಂಥ ಸ್ಟಡಿಗಳಲ್ಲಿ ರೇಟರ್ ಆಗಿದ್ದೆ. ಅಂದರೆ ಪ್ರತಿ ಭೇಟಿಯಲ್ಲೂ ರೋಗಿಯ ಮುಂದೆ ಕೂತು ಪ್ರಶ್ನೆ ಕೇಳಿ ಅಂಕ ಹಾಕುವವಳು. ಅಂಕ ಹೆಚ್ಚಿದ್ದಷ್ಟೂ ಖಿನ್ನತೆ ಹೆಚ್ಚು. ಔಷಧಕ್ಕೂ ನನಗೂ ಸಂಬಂಧ ಇರಲಿಲ್ಲ, ಯಾರಿಗೆ ಯಾವುದು ಸಿಕ್ಕಿದೆ ಅಂತಲೂ ತಿಳಿಯುತ್ತಿರಲಿಲ್ಲ. ‘ದ್ವಿ-ಅಂಧ’ ಅಂದರೆ ಅಷ್ಟೇ: ನುಂಗುವವರಿಗೂ ಗೊತ್ತಿಲ್ಲ, ನೋಡುವವರಿಗೂ ಗೊತ್ತಿಲ್ಲ. ‘ಯಾದೃಚ್ಛಿಕ’ ಅಂದರೆ ಚೀಟಿ ಎತ್ತಿದ ಹಾಗೆ. ಅದನ್ನು ಕಂಪ್ಯೂಟರ್ ಎತ್ತುತ್ತೆ.

ಖಾಲಿ ಗುಳಿಗೆಯ ಬಗ್ಗೆ ಮೊದಲು. ಖಿನ್ನತೆಯ ಪ್ರಯೋಗಗಳಲ್ಲಿ ಖಾಲಿ ಗುಳಿಗೆಯವರಲ್ಲೇ ನೂರಕ್ಕೆ 35–40 ಜನರ ಅಂಕ ಅರ್ಧಕ್ಕೆ ಇಳಿಯುತ್ತೆ. ಇದು ಬರೀ ನಂಬಿಕೆಯ ಮಾಯೆ ಅಲ್ಲ. ತೀರಾ ಕೆಟ್ಟಿರುವಾಗ ಬಂದು ಸೇರಿದವರು ಸಹಜವಾಗಿಯೇ ಒಂದಿಷ್ಟು ಸುಧಾರಿಸುತ್ತಾರೆ. ಮತ್ತೆ, ವಾರವಾರ ಯಾರೋ ಎದುರಿಗೆ ಕೂತು ‘ನಿದ್ದೆ ಬಂತಾ, ಊಟ ಸೇರ್ತಾ’ ಅಂತ ಕೇಳುವುದೇ ಎಷ್ಟೋ ಜನಕ್ಕೆ ಮನೆಯಲ್ಲಿ ಸಿಗದ ವಸ್ತು. ಇನ್ನೊಂದು ಕಾರಣವನ್ನು ನಮ್ಮವರು ಬಾಯಿ ಬಿಟ್ಟು ಹೇಳಲ್ಲ. ಸೇರಿಸಿಕೊಳ್ಳಲು ಇಷ್ಟು ಅಂಕ ಇರಲೇಬೇಕು ಅಂತ ಗೆರೆ ಇದ್ದಾಗ, ಮೊದಲ ದಿನದ ಅಂಕ ಒಂದೆರಡು ಮೇಲಕ್ಕೆ ಜಾರುತ್ತೆ. ನಾನೂ ಜಾರಿಸಿದ್ದೇನೆ, ಬೇಕಂತಲ್ಲ. ಎರಡನೇ ವಾರ ಅದು ತಾನೇ ಇಳಿಯುತ್ತೆ, ಎಲ್ಲರೂ ‘ಸುಧಾರಣೆ’ ಅಂತ ಬರೆದುಕೊಳ್ಳುತ್ತಾರೆ.

ನಾವು ಬಳಸುತ್ತಿದ್ದದ್ದು ಹ್ಯಾಮಿಲ್ಟನ್ ಅಳತೆ. ಮ್ಯಾಕ್ಸ್ ಹ್ಯಾಮಿಲ್ಟನ್ 1960ರಲ್ಲಿ ಮಾಡಿದ್ದು: 17 ಅಂಶ, ಒಟ್ಟು 52 ಅಂಕ, 7ಕ್ಕೆ ಇಳಿದರೆ ‘ಗುಣ’. ಅದರಲ್ಲಿ ನಿದ್ದೆಗೇ ಮೂರು ಅಂಶ: ಹತ್ತದ ನಿದ್ದೆ, ನಡುವೆ ಮುರಿಯುವ ನಿದ್ದೆ, ನಸುಕಿಗೇ ಹಾರಿಹೋಗುವ ನಿದ್ದೆ. ತಲಾ 2ರಂತೆ 6. ಅಂದರೆ ಮಂಪರು ತರಿಸುವ ಯಾವ ಗುಳಿಗೆಯಾದರೂ ಮನಸ್ಸನ್ನು ಮುಟ್ಟದೆಯೇ ಅಂಕ ಇಳಿಸಬಲ್ಲದು. ನಿಮ್ಮ ತಾಯಿಯ ಬಗ್ಗೆ ‘ನಿದ್ದೆ ಪರವಾಗಿಲ್ಲ, ಉಳಿದದ್ದು ಹಾಗೇ’ ಅಂದಿರಲ್ಲ, ಕಾಗದದ ಮೇಲೆ ಅವರು ಆಗಲೇ ಒಂದಿಷ್ಟು ದಾರಿ ಬಂದವರು.

ಇನ್ನು ಭಾಷೆ. ಹಾವೇರಿ ಕಡೆಯ ಒಬ್ಬ ಅಜ್ಜಿಗೆ ಹಾಳೆಯಲ್ಲಿದ್ದ ಹಾಗೆ ‘ಖಿನ್ನತೆ ಅನಿಸುತ್ತಾ?’ ಅಂತ ಕೇಳಿದೆ. ‘ಹಂಗಂದ್ರ ಏನವಾ?’ ಅಂದರು. ‘ಬ್ಯಾಸರ?’ ಅಂದೆ. ‘ಬ್ಯಾಸರ ಯಾರಿಗಿರಂಗಿಲ್ಲ.’ ಕೆಲಸದ ಬಗ್ಗೆ ಕೇಳಿದಾಗ ಸುಮ್ಮನೆ ತಮ್ಮ ಅಂಗೈ ನೋಡಿಕೊಂಡು ಕೂತರು. ಆಮೇಲೆ ‘ರೊಟ್ಟಿ ಬಡಿಯೂದು ಬಿಟ್ಟೀನಿ. ಸೊಸಿ ಬಡಿತಾಳ. ಸಪ್ಪಳ ಕೇಳಿದ್ರ ಎದ್ದು ಹೊರಗ ಹೋಗ್ತೀನಿ’ ಅಂದರು. ಹಾಳೆಯಲ್ಲಿ ಅದಕ್ಕೆ ಜಾಗ ಇಲ್ಲ. ‘ಕೆಲಸ ಮತ್ತು ಚಟುವಟಿಕೆ’ ಅನ್ನುವ ಅಂಶದಲ್ಲಿ 3 ಹಾಕಿದೆ. ಎಂಟನೇ ವಾರದ ಹೊತ್ತಿಗೆ ಅವರು ಮತ್ತೆ ರೊಟ್ಟಿ ಬಡಿಯಲು ಕುಳಿತಿದ್ದರು, ನಾನು 1 ಹಾಕಿದೆ. ಔಷಧವೋ ಖಾಲಿಯೋ ಇವತ್ತಿಗೂ ನನಗೆ ಗೊತ್ತಿಲ್ಲ.

ಹಾಗಾದರೆ ಇಂಥ ಪ್ರಯೋಗ ಯಾಕೆ ಬೇಕು? ಯಾಕೆಂದರೆ ಮೊದಲ ಗುಳಿಗೆ ಎಲ್ಲರಿಗೂ ಹಿಡಿಯಲ್ಲ. ಅಮೆರಿಕದ ಸ್ಟಾರ್-ಡಿ ಅನ್ನುವ ದೊಡ್ಡ ಅಧ್ಯಯನಕ್ಕೆ 4,041 ರೋಗಿಗಳು ಸೇರಿದ್ದರು. ಮೊದಲ ಔಷಧದಲ್ಲಿ ಪೂರ್ತಿ ಗುಣವಾದವರು ಸುಮಾರು ಮೂರರಲ್ಲಿ ಒಬ್ಬರು. ಒಂದು ಹಿಡಿಯದಿದ್ದರೆ ಇನ್ನೊಂದು ಅಂತ ನಾಲ್ಕು ಹಂತ ದಾಟಿದರೆ ಗುಣವಾಗುವವರು ನೂರಕ್ಕೆ 67 ಅಂತ 2006ರಲ್ಲಿ ಬರೆದರು. 2023ರಲ್ಲಿ ಬೇರೆಯವರು ಅದೇ ಲೆಕ್ಕದ ಪುಸ್ತಕ ತೆಗೆದು, ಮೊದಲು ಹಾಕಿಕೊಂಡಿದ್ದ ನಿಯಮದಂತೆಯೇ ಎಣಿಸಿದಾಗ ಸಿಕ್ಕಿದ್ದು 35. ನನಗೆ ಈ ಎರಡನೇ ಲೆಕ್ಕವೇ ನಾನು ಕಂಡದ್ದಕ್ಕೆ ಹತ್ತಿರ. ಅದಕ್ಕೇ ‘ಕಂಪನಿ ದುಡ್ಡು ಮಾಡುತ್ತೆ’ ಅನ್ನುವ ಬಸವನಗುಡಿಯವರ ಮಾತು ಸುಳ್ಳಲ್ಲದಿದ್ದರೂ ಅರ್ಧ ಮಾತು.

ಮಾವನವರಿಗೆ ಹೇಳಿ: ಇಲಿಗೆ ಬೋನಿನಿಂದ ಎದ್ದು ಹೋಗುವ ಹಕ್ಕಿಲ್ಲ, ಅಕ್ಕನವರಿಗೆ ಇದೆ. ಯಾವ ವಾರ ಬೇಕಾದರೂ, ಕಾರಣ ಹೇಳದೆ. ಅದರಿಂದ ಮಾಮೂಲಿ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಸಹಿ ಮಾಡುವ ಮೊದಲು ಸಿಟಿಆರ್‌ಐ (ದೇಶದ ಔಷಧ ಪ್ರಯೋಗಗಳ ಸರ್ಕಾರಿ ದಾಖಲೆ) ನಂಬರ್ ಕೇಳಿ. ಔಷಧ ಪ್ರಯೋಗಗಳನ್ನು ಅಲ್ಲಿ ನೋಂದಾಯಿಸುವುದು 2009ರಿಂದ ಕಡ್ಡಾಯ, ಜಾಲತಾಣದಲ್ಲಿ ನೀವೇ ಹುಡುಕಬಹುದು. ಪ್ರಯೋಗದಿಂದ ತೊಂದರೆಯಾದರೆ ಚಿಕಿತ್ಸೆಯ ಖರ್ಚು ಅವರದ್ದು ಅಂತ 2019ರ ನಿಯಮವೇ ಹೇಳುತ್ತೆ, ಫಾರ್ಮಿನಲ್ಲಿ ಆ ಸಾಲು ಹುಡುಕಿ. ಎಲ್ಲಕ್ಕಿಂತ ಮುಖ್ಯ, ಎಂಟು ವಾರ ಮುಗಿದ ಮರುದಿನ ಯಾರು ನೋಡ್ತಾರೆ ಅಂತ ಕೇಳಿ. ಈ ಪ್ರಶ್ನೆ ಯಾರೂ ಕೇಳಲ್ಲ.

ನಡುವೆ ತಾಯಿಯ ಬಾಯಲ್ಲಿ ‘ಬದುಕು ಸಾಕು’ ಅನ್ನುವ ಮಾತು ಬಂದರೆ ಯಾವ ಭೇಟಿಯ ತಾರೀಖಿಗೂ ಕಾಯಬೇಡಿ. ಡಾಕ್ಟರಿಗೆ ಫೋನ್ ಮಾಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಕೂಡ ಇದೆ, ಹಗಲೂ ರಾತ್ರಿ, ಕನ್ನಡದಲ್ಲಿ.

ಮೈಸೂರು ಮಂಜ:

ಮೇಡಂ ಕೊನೆಗೆ ಹೇಳಿದ ಪ್ರಶ್ನೆ ನಾನು ಕೇಳಿರಲಿಲ್ಲ. ನಾನೂ ಒಂದು ಸ್ಟಡಿಯಲ್ಲಿದ್ದೆ, ಊರು ಆಸ್ಪತ್ರೆ ಬೇಡ. ಮಂಗಳವಾರ ಮಂಗಳವಾರ ಹೋಗೋದು, ಟೀ ಕುಡಿಯೋದು, ಒಬ್ಬಳು ಹುಡುಗಿ ಮುಕ್ಕಾಲು ಗಂಟೆ ಮಾತಾಡಿಸೋಳು. ಐದನೇ ವಾರಕ್ಕೆ ಶೇವ್ ಮಾಡ್ಕೊಳ್ಳೋಕೆ ಶುರು ಮಾಡಿದ್ದೆ. ಎಂಟಕ್ಕೆ ಮುಗೀತು. ಒಂಬತ್ತನೇ ಮಂಗಳವಾರ ಫೋನ್ ನೋಡ್ಕೊಂಡು ಕೂತಿದ್ದೆ, ಯಾರೂ ಮಾಡಲಿಲ್ಲ. ಎಷ್ಟೋ ತಿಂಗಳಾದ ಮೇಲೆ ಗೊತ್ತಾಯ್ತು, ನಂದು ಖಾಲಿ ಗುಳಿಗೆ. ಸಿಟ್ಟು ಬರಲಿಲ್ಲ, ನಾಚಿಕೆ ಆಯ್ತು. ಯಾಕೆ ನಾಚಿಕೆ ಅಂತ ಈಗಲೂ ಗೊತ್ತಿಲ್ಲ.

ಹಳೇ ರೇಟರ್:

ನಾಚಿಕೆ ಪಡೋದೇನಿಲ್ಲ ಮಂಜಣ್ಣ. ಗೋವಾದಲ್ಲಿ ಗುಳಿಗೆಯೇ ಇಲ್ಲದೆ ಒಂದು ಪ್ರಯೋಗ ಮಾಡಿದರು, 2017ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದ ತೀವ್ರ ಖಿನ್ನತೆಯ 495 ಜನ. ಒಂದು ಗುಂಪಿಗೆ ಅಲ್ಲಿನ ಮಾಮೂಲಿ ಚಿಕಿತ್ಸೆ, ಇನ್ನೊಂದಕ್ಕೆ ಅದರ ಜೊತೆ ಆರರಿಂದ ಎಂಟು ಸಲ ಮಾತು. ಮಾತಾಡಿಸಿದವರು ಡಾಕ್ಟರಲ್ಲ, ಸೈಕಾಲಜಿಸ್ಟೂ ಅಲ್ಲ, ತರಬೇತಿ ಪಡೆದ ಸ್ಥಳೀಯರು. ಬಿಟ್ಟುಹೋದ ಕೆಲಸ ಒಂದೊಂದನ್ನೇ ಮತ್ತೆ ಹಿಡಿಸುವುದು ಅದರ ತಿರುಳು. ಮೂರು ತಿಂಗಳಿಗೆ ಚೇತರಿಸಿಕೊಂಡವರು ಮಾತು ಸಿಕ್ಕ ಗುಂಪಿನಲ್ಲಿ ನೂರಕ್ಕೆ 64, ಬರೀ ಮಾಮೂಲಿ ಚಿಕಿತ್ಸೆಯ ಗುಂಪಿನಲ್ಲಿ 39. ನಿಮ್ಮ ಶೇವಿಂಗ್ ಕೂಡ ಅದೇ ಜಾತಿಯದ್ದು.

ರಾಣೆಬೆನ್ನೂರಿನವ:

ಎಲ್ಲರಿಗೂ ಥ್ಯಾಂಕ್ಸ್. ನಂಬರ್ ಕೊಟ್ಟರು, ಹುಡುಕಿದೆ, ಇದೆ. ಎಂಟು ವಾರದ ಮೇಲೆ ಏನು ಅಂದಿದ್ದಕ್ಕೆ ಫೋನಲ್ಲಿದ್ದವರು ಸ್ವಲ್ಪ ತಡವರಿಸಿ ‘ಡಾಕ್ಟರನ್ನೇ ಕೇಳಿ ಸಾರ್’ ಅಂದರು. ಗುರುವಾರ ಹೋಗ್ತಿದ್ದೇವೆ, ಸಹಿ ಹಾಕೋಕಲ್ಲ, ಕೇಳೋಕೆ. ಇಲ್ಲಿ ಬಂದಿದ್ದೆಲ್ಲ ಅವ್ವನಿಗೆ ಓದಿ ಹೇಳಿದೆ. ರೊಟ್ಟಿ ಸಪ್ಪಳದ ಹತ್ತಿರ ‘ಇನ್ನೊಮ್ಮಿ ಓದು’ ಅಂದಳು. ಆಮೇಲೆ, ‘ಅಲ್ಲಿ ಕೇಳಾಕಿಗೆ ನಮ್ಮ ಮಾತು ತಿಳೀತೈತೇನು, ಮೊದಲ ಅದನ್ನ ಕೇಳು’ ಅಂದಳು. ಅದನ್ನೂ ಚೀಟಿಯಲ್ಲಿ ಬರೆದುಕೊಂಡಿದ್ದೇನೆ.